ಏರುದಾರಿಯ ಹುಳಿ



ಪುಣೆಯಲ್ಲಿ ನೆಲಸಿರುವವರು, ಅವರು ಕನ್ನಡಿಗರಾಗಲಿ ಮರಾಠಿಗರಾಗಲಿ, ಭಾನುವಾರದ ನಸುಕಿನಲ್ಲೆದ್ದು ಊರ ನೈರುತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಸಿಂಹಗಡವನ್ನು ಒಮ್ಮೆಯಾದರೂ ಕಾಲ್ನಡಿಗೆಯಿಂದ ಏರದೆ ಉಳಿಯುವುದು ಅಪರೂಪ. 1670ರಲ್ಲಿ ತಾನಾಜಿ ಮಾಲುಸರೆ ತನ್ನ ಪ್ರಾಣವನ್ನಿತ್ತು ಗೆದ್ದುಕೊಟ್ಟ ಕೋಟೆಯದು. ಬುಡದ ಹಳ್ಳಿಯನ್ನು ಬಿಟ್ಟ ಕಾಲುದಾರಿ ಮೊದಲು ಹೊಲಗಳ ಅಂಚಿನಲ್ಲಿ ಸೌಮ್ಯವಾಗಿ ಸಾಗಿ, ಬಳಿಕ ಬಂಡೆಗಳ ನಡುವೆ ಥಟ್ಟನೆ ಕಡಿದಾಗಿ ನಿಂತುಕೊಳ್ಳುತ್ತದೆ. ಬೆನ್ನ ಹಿಂದೆ ಖಡಕ್‌ವಾಸಲೆಯ ಜಲರಾಶಿ ಹೊಳೆಯುತ್ತಿದ್ದರೂ ಅದನ್ನು ತಿರುಗಿ ನೋಡುವಷ್ಟು ಉಸಿರು ಉಳಿದಿರುವುದಿಲ್ಲ. ಪುಣೆ ದರವಾಜೆಯನ್ನು ದಾಟಿ ಒಳಹೊಕ್ಕೊಡನೆ, ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ಚಿಕ್ಕಚಿಕ್ಕ ಮಣ್ಣಿನ ಕುಡಿಕೆಗಳಲ್ಲಿ ಹೆಪ್ಪುಗಟ್ಟಿದ ಮೊಸರನ್ನು ಮುಂದಿಟ್ಟುಕೊಂಡು ಕುಳಿತಿರುವುದು ಕಾಣುತ್ತದೆ. ಆ ಮೊಸರಿನ ರುಚಿಯನ್ನು ಬಲ್ಲವರಿಗೆ ನಾನು ವರ್ಣಿಸಿ ಹೇಳಬೇಕಾದುದಿಲ್ಲ.

ಕೆಲವು ವರ್ಷಗಳ ಹಿಂದೆ ವಿಜಯಪುರದಿಂದ ಬಂದಿದ್ದ ನನ್ನ ಸೋದರಮಾವನನ್ನು ಈ ಗಡಕ್ಕೆ ಕರೆದೊಯ್ದಿದ್ದೆ. ಅವರು ತಾರುಣ್ಯದಲ್ಲಿ ಗರಡಿಯ ಮಣ್ಣು ಮೈಗೆ ಹತ್ತಿಸಿಕೊಂಡವರು. ಇಳಿವಯಸ್ಸಿನಲ್ಲಿಯೂ ಯಾರ ಕೈಯನ್ನೂ ಹಿಡಿಯದೆ ಮೇಲೆ ಬಂದರು. ಆದರೆ ಬಂದವರೇ ಒಂದು ಕಲ್ಲಿನ ಮೇಲೆ ಕುಳಿತು ತೊಡೆಗಳನ್ನು ಹಿಸುಕಿಕೊಳ್ಳುತ್ತ, “ಕಾಲು ಪದಾ ಹೇಳಾಕ ಹತ್ಯಾವಪಾ ತಮ್ಮಾ. ಒಳಗ ಕೆಟ್ಟ ರಸ ಕೂತೈತಿ. ಮನಿಗೆ ಹೋಗಿ ಎಣ್ಣಿ ಹಚ್ಚಿ ತಿಕ್ಕಿ ಅದನ್ನ ಹೊರಗ ಹಾಕಬೇಕು” ಎಂದರು. “ಮಾಮಾ, ನೀವು ಕೈಯಾಗ ಹಿಡಕೊಂಡೀರಲ್ಲ, ಆ ಮೊಸರಿನ್ಯಾಗ ಇರೂದೂ ಅದೇ ರಸ” ಎಂದೆ. ಅವರು ಕುಡಿಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಏನನ್ನೂ ಹೇಳದೆ ಮೊಸರು ತಿಂದು ಮುಗಿಸಿದರು. ಅಂದು ಕಲ್ಲಿನ ಮೇಲೆ ಕುಳಿತು ಹೇಳಲಾರದೆ ಉಳಿದುದನ್ನು ಇಂದು ತಮ್ಮೆಲ್ಲರ ಮುಂದೆ ಹೇಳಬೇಕೆಂದಿದ್ದೇನೆ.

ಆ ರಸಕ್ಕೆ ಕ್ಷೀರಾಮ್ಲ ಅಥವಾ ಲ್ಯಾಕ್ಟಿಕ್ ಆಮ್ಲವೆಂದು ಹೆಸರು. 1780ರಲ್ಲಿ ಸ್ವೀಡನ್ ದೇಶದ ಶೀಲೆ ಎಂಬ ರಸಾಯನಜ್ಞನು ಅದನ್ನು ಹುಳಿತ ಹಾಲಿನಿಂದ ಬೇರ್ಪಡಿಸಿದನು. ಹಾಲಿನ ಹೆಸರು ಅದಕ್ಕೆ ಅಂಟಿಕೊಂಡುದು ಆಗಲೇ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಅದೇ ದೇಶದ ಬರ್ಜೀಲಿಯಸ್‌ನು ಪ್ರಾಣಿಗಳ ಮಾಂಸಖಂಡದಲ್ಲಿಯೂ ಅದನ್ನು ಕಂಡನು. 1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಎಂಬ ಇಬ್ಬರು ವಿದ್ವಾಂಸರು ಕಪ್ಪೆಯ ಸ್ನಾಯುವನ್ನು ದಣಿಸಿ, ದಣಿದಷ್ಟೂ ಕ್ಷೀರಾಮ್ಲ ಅದರಲ್ಲಿ ಶೇಖರವಾಗುವುದನ್ನೂ, ಆಮ್ಲಜನಕವನ್ನು ಒದಗಿಸಿದರೆ ಅದು ಕಡಮೆಯಾಗುವುದನ್ನೂ ತೋರಿಸಿಕೊಟ್ಟರು. ದಣಿವೂ ಈ ಆಮ್ಲವೂ ಜೊತೆಯಾಗಿ ಕಾಣಿಸಿಕೊಂಡುದರಿಂದ, ದಣಿವಿಗೆ ಈ ಆಮ್ಲವೇ ಕಾರಣವೆಂಬ ತೀರ್ಮಾನಕ್ಕೆ ಲೋಕ ಬಂದುಬಿಟ್ಟಿತು. ಬೆಂಕಿ ಹತ್ತಿದ ಮನೆಗಳ ಬಳಿಯಲ್ಲೆಲ್ಲ ನೀರು ಹೊತ್ತವರನ್ನು ಕಂಡು, ಬೆಂಕಿ ಹಚ್ಚಿದವರು ಇವರೇ ಎಂದು ನಿರ್ಣಯಿಸಿದಂತಾಯಿತು ಆ ತೀರ್ಮಾನ. ಶತಮಾನಕಾಲ ಆಟದ ಮೈದಾನಗಳಲ್ಲಿ, ಶಾಲೆಯ ಪುಸ್ತಕಗಳಲ್ಲಿ, ಗರಡಿಯ ಮಾತುಗಳಲ್ಲಿ ಕ್ಷೀರಾಮ್ಲವು ಕಳಂಕವನ್ನು ಹೊತ್ತು ತಿರುಗಿತು; ಇಂದಿಗೂ ಹೊತ್ತಿದೆ.

ಈ ಕಳಂಕ ನಿಜವಲ್ಲವೆಂಬುದನ್ನು ಅರಿಯಬೇಕಾದರೆ, ಕ್ಷೀರಾಮ್ಲವನ್ನು ಹುಟ್ಟಿಸುವುದೂ, ಹುಟ್ಟಿದುದನ್ನು ಮರಳಿ ಉಪಯೋಗಕ್ಕೆ ತರುವುದೂ ಆದ ಒಂದು ಕಿಣ್ವದ ಪರಿಚಯ ಬೇಕು. ಕಿಣ್ವವೆಂಬ ಶಬ್ದ ನಮಗೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗಿಸಲು ಬೆರೆಸುತ್ತಿದ್ದ ದ್ರವ್ಯಕ್ಕೆ ಇದೇ ಹೆಸರಿದೆ. ಜೀವಕೋಶದೊಳಗೆ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ಪ್ರೋಟೀನುಗಳಿಗೆ ಆ ಪ್ರಾಚೀನ ಪದವನ್ನೇ ಇಂದು ನಾವು ಬಳಸುತ್ತೇವೆ. ನಾನು ಹೇಳುತ್ತಿರುವ ಕಿಣ್ವದ ಶಾಸ್ತ್ರೀಯ ನಾಮ ಲ್ಯಾಕ್ಟೇಟ್ ಡೀಹೈಡ್ರೋಜಿನೇಸ್. ಲ್ಯಾಕ್ಟೇಟ್ ಎಂಬುದು ರಕ್ತದಲ್ಲಿಯೂ ಸ್ನಾಯುವಿನಲ್ಲಿಯೂ ಕ್ಷೀರಾಮ್ಲವು ತಾಳುವ ರೂಪ. ಅದರಿಂದ ಜಲಜನಕವನ್ನು ಕಳಚುವುದು ಎಂಬುದೇ ಈ ಉದ್ದನೆಯ ಹೆಸರಿನ ಅರ್ಥ. ಹಾಗೆ ಕಳಚಿದಾಗ ಲ್ಯಾಕ್ಟೇಟ್ ಪೈರುವೇಟ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಕಳಚಿದ ಜಲಜನಕವನ್ನು ಎನ್.ಎ.ಡಿ. ಎಂಬ ಸಣ್ಣ ಸಹಾಯಕ ಅಣು ಹೊತ್ತುಕೊಳ್ಳುತ್ತದೆ. ಈ ಪೈರುವೇಟ್ ಜೀವಕೋಶದ ಕುಲುಮೆಗೆ ಹೋಗಿ ಆಮ್ಲಜನಕದೊಡನೆ ಉರಿದು ಶಕ್ತಿಯನ್ನು ಕೊಡಬಲ್ಲುದು.

ಹೆಸರು ಒಂದೇ ದಿಕ್ಕನ್ನು ಹೇಳುತ್ತದೆಯಾದರೂ ಕಿಣ್ವ ಎರಡು ದಿಕ್ಕಿಗೂ ನಡೆಯುತ್ತದೆ. ಕೃಷ್ಣೆಯ ದಂಡೆಯಲ್ಲಿ ಹರಿಗೋಲು ಹಾಕುವ ಅಂಬಿಗನನ್ನು ನೆನೆಯಿರಿ. ಈ ದಡದಲ್ಲಿ ಜನ ನೆರೆದಿದ್ದರೆ ಆ ದಡಕ್ಕೆ, ಆ ದಡದಲ್ಲಿ ನೆರೆದಿದ್ದರೆ ಈ ದಡಕ್ಕೆ ಅವನು ಸಾಗಿಸುವನು. ಯಾವ ದಡ ಮೇಲು ಎಂಬ ಪಕ್ಷಪಾತ ಅವನಿಗಿಲ್ಲ. ಪೈರುವೇಟ್ ದಟ್ಟಣಿಸಿದರೆ ಅದನ್ನು ಲ್ಯಾಕ್ಟೇಟ್ ಆಗಿಸುವುದೂ, ಲ್ಯಾಕ್ಟೇಟ್ ದಟ್ಟಣಿಸಿದೆಡೆ, ಜಲಜನಕ ಹೊರಲು ಬರಿಗೈಯ ಎನ್.ಎ.ಡಿ. ದೊರೆಯುತ್ತಿದ್ದರೆ, ಅದನ್ನು ಪೈರುವೇಟ್ ಆಗಿಸುವುದೂ ಈ ಅಂಬಿಗನ ಕೆಲಸ.

ಮಾಮನ ತೊಡೆಗಳಲ್ಲಿ ಅಂದು ನಡೆದುದೇನೆಂಬುದನ್ನು ಈಗ ನೋಡೋಣ. ಕಡಿದಾದ ಬಂಡೆಗಳನ್ನೇರುವಾಗ ಸ್ನಾಯುಗಳಿಗೆ ಶಕ್ತಿ ತಕ್ಷಣವೇ ಬೇಕು. ಆದರೆ ಆಮ್ಲಜನಕದ ಕುಲುಮೆ ಅಷ್ಟು ಬೇಗ ಅಷ್ಟೊಂದನ್ನು ಒದಗಿಸಲಾರದು. ಆಗ ಸ್ನಾಯು ಗ್ಲೂಕೋಸನ್ನು ಪೈರುವೇಟಿನವರೆಗೆ ಮಾತ್ರ ಒಡೆದು, ಪೂರ್ಣ ಉರಿದರೆ ಸುಮಾರು 30 ಪಾಲು ದೊರೆಯಬಹುದಾದ ಶಕ್ತಿಯಲ್ಲಿ ಕೇವಲ 2 ಪಾಲನ್ನು, ಆದರೆ ಅತಿ ಶೀಘ್ರವಾಗಿ, ಪಡೆದುಕೊಳ್ಳುತ್ತದೆ. ಈ ಒಡೆಯುವಿಕೆಗೆ ಬರಿಗೈಯ ಎನ್.ಎ.ಡಿ. ಅನವರತ ಬೇಕು, ಇದ್ದ ಎನ್.ಎ.ಡಿ.ಗಳೆಲ್ಲ ಜಲಜನಕವನ್ನು ಹೊತ್ತು ನಿಂತುಬಿಟ್ಟರೆ ಕೆಲಸವೇ ನಿಲ್ಲುವುದು. ಆಗ ನಮ್ಮ ಕಿಣ್ವ ಮುಂದೆ ಬಂದು ಆ ಹೊರೆಯನ್ನು ಇಳಿಸಿ ಪೈರುವೇಟಿನ ಮೇಲಿಡುತ್ತದೆ; ಪೈರುವೇಟ್ ಲ್ಯಾಕ್ಟೇಟ್ ಆಗುತ್ತದೆ, ಎನ್.ಎ.ಡಿ. ಮತ್ತೆ ದುಡಿಮೆಗೆ ಹೊರಡುತ್ತದೆ. ಹೀಗೆ ಲ್ಯಾಕ್ಟೇಟ್ ಹುಟ್ಟುವುದರಿಂದಲೇ ಏರುವವನ ಕಾಲು ಇನ್ನಷ್ಟು ಹೆಜ್ಜೆ ಇಡಬಲ್ಲುದು. ಅಷ್ಟೇ ಅಲ್ಲ, ಪೈರುವೇಟ್ ಲ್ಯಾಕ್ಟೇಟ್ ಆಗುವ ಕ್ರಿಯೆಯು ಆಮ್ಲತೆಗೆ ಕಾರಣವಾದ ಜಲಜನಕದ ಕಣವೊಂದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಹುಳಿಯನ್ನು ಹೆಚ್ಚಿಸಿದುದೆಂದು ನಾವು ದೂರಿದ ಕೆಲಸ ಹುಳಿಯನ್ನು ತಗ್ಗಿಸುವ ಕಡೆಗಿತ್ತು. ಇದನ್ನು ಮೊದಲಿಗೆ ಓದಿದಾಗ ನನಗೆ ಆದ ಸೋಜಿಗ ಇಂದಿಗೂ ಮಾಸಿಲ್ಲ.

ಎನ್.ಎ.ಡಿ.ಯ ವಿಷಯ ಬಂದುದರಿಂದ ಒಂದು ಮಾತನ್ನು ನಡುವೆ ಸೇರಿಸುತ್ತೇನೆ. ಅದರ ನಿರ್ಮಾಣಕ್ಕೆ ನಯಾಸಿನ್ ಎಂಬ ಜೀವಸತ್ವ ಬೇಕು. ಅದರ ಕೊರತೆಯಿಂದ ಬರುವ ಪೆಲ್ಲಾಗ್ರ ರೋಗವು ನಮ್ಮ ದಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ನಂಬಿ ಬದುಕುತ್ತಿದ್ದ ಬಡವರಲ್ಲಿ ಕಾಣಿಸಿಕೊಳ್ಳುತ್ತಿದ್ದುದನ್ನು ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ಪರಿಶೀಲಿಸಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವು ಇದಕ್ಕೆ ಕಾರಣವಾಗಿರಬಹುದೆಂದು 1960ರಲ್ಲಿ ಪ್ರಕಟಿಸಿದರು. ಜೋಳದ ರೊಟ್ಟಿಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ರೊಟ್ಟಿಯ ಜೊತೆಗೆ ಬೇಳೆ, ಶೇಂಗಾ, ಹಾಲು ಮೊಸರು ಇದ್ದ ಮನೆಗಳಿಗೆ ಆ ರೋಗದ ಭಯವಿರಲಿಲ್ಲ. ಅದು ಬರಿಯ ರೊಟ್ಟಿಯ ಮನೆಗಳನ್ನು ಹುಡುಕಿಕೊಂಡು ಬರುತ್ತಿತ್ತು.

ಇನ್ನು ಸ್ನಾಯುವಿನಲ್ಲಿ ಹುಟ್ಟಿದ ಲ್ಯಾಕ್ಟೇಟ್ ಎಲ್ಲಿಗೆ ಹೋಗುತ್ತದೆ? ಸುಮ್ಮನಿರುವಾಗ ಲೀಟರು ರಕ್ತದಲ್ಲಿ ಸುಮಾರು 1 ಮಿಲಿಮೋಲ್‌ನಷ್ಟಿರುವ ಅದು ಪ್ರಚಂಡವಾದ ಶ್ರಮದಲ್ಲಿ 15ನ್ನೂ ಮೀರಬಹುದು. ಈ ರಕ್ತ ಹೃದಯಕ್ಕೆ ಹೋಗಿಯೇ ತೀರಬೇಕಷ್ಟೆ. ಹೃದಯಕ್ಕೆ ಆಮ್ಲಜನಕದ ಬರವಿಲ್ಲ, ಬಿಡುವಿಲ್ಲ. ಬಂದ ಲ್ಯಾಕ್ಟೇಟನ್ನು ಅದು ಆದರದಿಂದ ಬರಮಾಡಿಕೊಂಡು, ಅದೇ ಕಿಣ್ವದ ನೆರವಿನಿಂದ ಪೈರುವೇಟ್ ಆಗಿಸಿ, ಉರಿಸಿ, ತನ್ನ ಬಡಿತಕ್ಕೆ ಬಳಸಿಕೊಳ್ಳುತ್ತದೆ. ಕಾಲು ಕಳಿಸಿದುದನ್ನು ಹೃದಯ ಉಣ್ಣುತ್ತದೆ. ಉಳಿದುದರಲ್ಲಿ ಒಂದು ಭಾಗವನ್ನು ನಡೆಯುತ್ತಿರುವ ಇತರ ಸ್ನಾಯುಗಳು ತೆಗೆದುಕೊಂಡರೆ, ಇನ್ನೊಂದು ಭಾಗವನ್ನು ಯಕೃತ್ತು ಪುನಃ ಗ್ಲೂಕೋಸ್ ಆಗಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಈ ಚಕ್ರವನ್ನು ಕಂಡುಹಿಡಿದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳು 1947ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಲ್ಯಾಕ್ಟೇಟ್ ಕಸವಲ್ಲ, ಅಂಗದಿಂದ ಅಂಗಕ್ಕೆ ರವಾನೆಯಾಗುವ ಇಂಧನ ಎಂಬ ವಾದವನ್ನು 1980ರ ದಶಕದಿಂದ ಕ್ಯಾಲಿಫೋರ್ನಿಯದ ಜಾರ್ಜ್ ಬ್ರೂಕ್ಸ್ ಅವರು ಪಟ್ಟುಹಿಡಿದು ಮಂಡಿಸುತ್ತ ಬಂದರು; ವಿರೋಧಿಸಿದವರು ಕ್ರಮೇಣ ಒಪ್ಪಿಕೊಳ್ಳಬೇಕಾಯಿತು.

ಕಿಣ್ವದ ಕಟ್ಟಡವೂ ಈ ಎರಡು ಬಗೆಯ ಕೆಲಸಕ್ಕೆ ತಕ್ಕಂತಿದೆ. ನಾಲ್ಕು ತುಂಡುಗಳು ಸೇರಿ ಒಂದು ಕಿಣ್ವ. ತುಂಡುಗಳಲ್ಲಿ ಹೃದಯದ ಬಗೆ ಮತ್ತು ಸ್ನಾಯುವಿನ ಬಗೆ ಎಂಬ ಎರಡು ಮುಖ್ಯ ಬಗೆಗಳು. ಬೆರೆಯುವ ಪ್ರಮಾಣ ಭೇದದಿಂದ ಒಟ್ಟು ಐದು ರೂಪಗಳು. 1940ರಲ್ಲಿ ಹಂಗೇರಿಯ ಸ್ಟ್ರಾಬ್ ಹೃದಯದ ಸ್ನಾಯುವಿನಿಂದ ಅದನ್ನು ಸ್ಫಟಿಕರೂಪದಲ್ಲಿ ಪಡೆದರು. 1970ರಲ್ಲಿ ಮೈಕೆಲ್ ರಾಸ್‌ಮನ್ ಮತ್ತು ಸಂಗಡಿಗರು ಪುಟ್ಟ ಜಾತಿಯ ಶಾರ್ಕ್ ಮೀನೊಂದರ ಕಿಣ್ವದ ಮೂರು ಆಯಾಮದ ರಚನೆಯನ್ನು ಬಿಡಿಸಿ ತೋರಿಸಿದರು; ಎನ್.ಎ.ಡಿ.ಯನ್ನು ಹಿಡಿದುಕೊಳ್ಳುವ ಅದರೊಳಗಿನ ಮಡಿಕೆ ಇಂದು ರಾಸ್‌ಮನ್‌ರ ಹೆಸರಿನಲ್ಲಿಯೇ ಪ್ರಸಿದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನುಗಳ ರಚನೆಯನ್ನು ಕುರಿತು ದೀರ್ಘಕಾಲ ದುಡಿದ ಎಂ. ಆರ್. ಎನ್. ಮೂರ್ತಿಯವರು ಮೊದಲು ರಾಸ್‌ಮನ್‌ರ ಜೊತೆಗೂಡಿ, ಅದೇ ಮಡಿಕೆಯುಳ್ಳ ಇನ್ನೊಂದು ಕಿಣ್ವದ ರಚನೆಯನ್ನು ಅಭ್ಯಸಿಸಿದವರು.

ಮಾಮನ ಕೈಯಲ್ಲಿದ್ದ ಕುಡಿಕೆಗೆ ಮರಳೋಣ. ಬೆಚ್ಚಗಿನ ಹಾಲಿಗೆ ಹೆಪ್ಪು ಬಿಟ್ಟಾಗ ಅದರೊಡನೆ ಕೋಟ್ಯಂತರ ಸೂಕ್ಷ್ಮಜೀವಿಗಳು ಹಾಲಿಗಿಳಿಯುತ್ತವೆ. ಅವು ಹಾಲಿನ ಸಕ್ಕರೆಯನ್ನು ಒಡೆದು ಬದುಕುವಾಗ, ಏರುದಾರಿಯ ಸ್ನಾಯುವಿಗೆ ಒದಗುವ ಇಕ್ಕಟ್ಟೇ ಅವಕ್ಕೂ ಒದಗುತ್ತದೆ. ಅದೇ ಕೆಲಸ ಮಾಡುವ ಕಿಣ್ವದಿಂದ ಅದೇ ಉಪಾಯವನ್ನು ಅವು ಮಾಡುತ್ತವೆ. ವ್ಯತ್ಯಾಸವಿಷ್ಟೆ: ಹುಟ್ಟಿದ ಕ್ಷೀರಾಮ್ಲವನ್ನು ಕಳುಹಿಸಲು ಅವಕ್ಕೊಂದು ಹೃದಯವಿಲ್ಲ. ಹೊರಗೆ ಹಾಕುತ್ತವೆ, ಹಾಲು ಹುಳಿತು ಗಟ್ಟಿಯಾಗುತ್ತದೆ. ಇನ್ನೊಂದು ವಿಶೇಷವೆಂದರೆ, ಕ್ಷೀರಾಮ್ಲದ ಅಣುವಿಗೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳುಂಟು. ನಮ್ಮ ಸ್ನಾಯುವಿನ ಕಿಣ್ವ ಒಂದು ರೂಪವನ್ನು ಮಾತ್ರ ಬಲ್ಲುದು; ಸೂಕ್ಷ್ಮಜೀವಿಗಳಲ್ಲಾದರೋ ಜಾತಿಗನುಸಾರವಾಗಿ ಒಂದನ್ನು, ಇನ್ನೊಂದನ್ನು, ಇಲ್ಲವೆ ಎರಡನ್ನೂ ಮಾಡುವವುಗಳಿವೆ.

ಈ ಸಂಗತಿಯನ್ನು ಪುಣೆಯಲ್ಲಿ ಬಹು ಶ್ರದ್ಧೆಯಿಂದ ಉಪಯೋಗಕ್ಕೆ ತರಲೆತ್ನಿಸಿದವರಿದ್ದಾರೆ. ಪಾಷಾಣ್ ರಸ್ತೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯನ್ನು ತಾವು ಕೇಳಿರಬಹುದು. ಸ್ವಾತಂತ್ರ್ಯ ಬರುವುದಕ್ಕೆ ಕೆಲವೇ ತಿಂಗಳ ಮುಂಚೆ, 1947ರ ಏಪ್ರಿಲ್ 6ರಂದು ಬಾಳಾಸಾಹೇಬ ಖೇರ್ ಅವರಿಂದ ಶಂಕುಸ್ಥಾಪನೆಯಾಗಿ, 1950ರ ಜನವರಿ 3ರಂದು ಜವಾಹರಲಾಲ ನೆಹರೂ ಅವರಿಂದ ಉದ್ಘಾಟನೆಗೊಂಡ ಸಂಸ್ಥೆಯದು. ಮರುವರ್ಷ, 1951ರಲ್ಲಿ, ಅಲ್ಲಿ ಕೈಗಾರಿಕೆಗೆ ಉಪಯುಕ್ತವಾದ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹವೊಂದು ಆರಂಭವಾಯಿತು. ಗ್ರಂಥಭಂಡಾರದಲ್ಲಿ ಪುಸ್ತಕಗಳನ್ನು ಕಾಪಾಡುವಂತೆ ಬೂಷ್ಟು, ಹುದುಗುಜೀವಿ, ಬ್ಯಾಕ್ಟೀರಿಯಗಳನ್ನು ಒಂದೊಂದಕ್ಕೆ ಒಂದೊಂದು ಸಂಖ್ಯೆ ಕೊಟ್ಟು ಜೀವಂತವಾಗಿ ಕಾಪಾಡಿ, ಕೇಳಿದವರಿಗೆ ಒದಗಿಸುವ ಏರ್ಪಾಡು ಇದು. ಆ ದಶಕದಲ್ಲಿಯೇ ದಾಮೋದರನ್, ಜಗನ್ನಾಥನ್ ಮೊದಲಾದವರು ಬೂಷ್ಟೊಂದು ಸಕ್ಕರೆಯನ್ನು ನಿಂಬೆಯ ಆಮ್ಲವಾಗಿಸುವ ಬಗೆಯನ್ನು ಅಲ್ಲಿ ಅಭ್ಯಸಿಸಿ, ಅದರ ಕಿಣ್ವಗಳನ್ನು ಶುದ್ಧೀಕರಿಸಿದರು. ಇಂದು ಹೇಳಿದರೆ ಸರಳವಾಗಿ ಕೇಳುವ ಈ ಕೆಲಸವನ್ನು, ಉಪಕರಣಗಳು ವಿರಳವಾಗಿದ್ದ ಹೊಸ ದೇಶದಲ್ಲಿ ಅವರು ಮಾಡಿದರೆಂಬುದನ್ನು ಮರೆಯಬಾರದು.

ಅರ್ಧ ಶತಮಾನದ ತರುವಾಯ ಅದೇ ಸಂಸ್ಥೆಯಲ್ಲಿ ಡಿ. ವಿ. ಗೋಖಲೆಯವರ ತಂಡ, ಆ ಸಂಗ್ರಹದಲ್ಲಿ 2365ನೆಯ ಸಂಖ್ಯೆಯ ಲ್ಯಾಕ್ಟೋಬ್ಯಾಸಿಲಸ್ ಡೆಲ್‌ಬ್ರೂಕಿ ಎಂಬ ಬ್ಯಾಕ್ಟೀರಿಯವನ್ನು ತೆಗೆದುಕೊಂಡು, ಅದರಿಂದ ಹೆಚ್ಚು ಕ್ಷೀರಾಮ್ಲವನ್ನು ಕೊಡುವ ರೂಪಾಂತರಿತ ತಳಿಯೊಂದನ್ನು ಪಡೆದು, ಅದಕ್ಕೆ ಉಣಲಿಕ್ಕೆ ಕಾಕಂಬಿಯನ್ನು ಕೊಟ್ಟಿತು. ಕಾಕಂಬಿಯೆಂದರೆ, ಬೆಳಗಾವಿ ಬಾಗಲಕೋಟೆಗಳಿಂದ ಕೊಲ್ಲಾಪುರದವರೆಗಿನ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಸಕ್ಕರೆ ಕಾರ್ಖಾನೆಯಲ್ಲಿ ಹರಳುಗಟ್ಟದೆ ಉಳಿಯುವ ಕಪ್ಪನೆಯ ಮಂದ ದ್ರವ. ಲೀಟರಿಗೆ 190 ಗ್ರಾಂ ಸಕ್ಕರೆಯಿರುವ ಹಾಗೆ ಅದನ್ನು ತಿಳಿಗೊಳಿಸಿ ಕೊಟ್ಟಾಗ 166 ಗ್ರಾಂ ಕ್ಷೀರಾಮ್ಲ ದೊರೆಯಿತೆಂದು 2008ರಲ್ಲಿ ಅವರು ಪ್ರಕಟಿಸಿದರು. ತೂಕದಲ್ಲಿ ಹೆಚ್ಚುಕಡಮೆ ಎಂಟರಲ್ಲಿ ಏಳು ಪಾಲು! ಕ್ಷೀರಾಮ್ಲದ ಅಣುಗಳನ್ನು ಮಣಿಗಳಂತೆ ಪೋಣಿಸಿದರೆ ಒಂದು ಬಗೆಯ ಪ್ಲಾಸ್ಟಿಕ್ ಆಗುತ್ತದೆ. ಕಾವೇರಿದ ಗೊಬ್ಬರದ ರಾಶಿಯಲ್ಲಿ ಅದು ಕೊಳೆಯಬಲ್ಲುದು. ಮಣಿಗಳು ಒಂದೇ ಕೈಯವಾದಷ್ಟೂ ಸರ ಗಟ್ಟಿಯಾಗಿ ಶಾಖವನ್ನು ತಾಳುತ್ತದೆ; ಆದುದರಿಂದಲೇ ಯಾವ ಬ್ಯಾಕ್ಟೀರಿಯ ಯಾವ ಕೈಯ ಆಮ್ಲವನ್ನು ಮಾಡುತ್ತದೆಂಬ ವಿಚಾರಕ್ಕೆ ಇಷ್ಟು ಬೆಲೆ. ಕಬ್ಬು ಬೆಳೆಯುವ ನಮ್ಮ ಎರಡೂ ನಾಡುಗಳು ಈ ಜ್ಞಾನವನ್ನು ಇನ್ನಷ್ಟು ಆಸಕ್ತಿಯಿಂದ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಹಂಬಲ.

ಈ ಕಿಣ್ವ ಆಸ್ಪತ್ರೆಯನ್ನು ಸೇರಿದುದು 1955ರಲ್ಲಿ, ಹೃದಯಾಘಾತವಾದವರ ರಕ್ತದಲ್ಲಿ ಅದು ಏರುವುದನ್ನು ನ್ಯೂಯಾರ್ಕಿನ ವೈದ್ಯರು ಕಂಡಾಗ. ಜೀವಕೋಶ ಒಡೆದರೆ ಒಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆಂಬುದೇ ಇದರ ಮರ್ಮ. ಹೃದಯಕ್ಕೆ ಈಗ ಹೆಚ್ಚು ಖಚಿತವಾದ ಪರೀಕ್ಷೆಗಳಿವೆ. ಮಲೇರಿಯದ ಪರಾವಲಂಬಿ ಜೀವಿಗೆ ತನ್ನದೇ ಆದ ಬೇರೊಂದು ಬಗೆಯ ಲ್ಯಾಕ್ಟೇಟ್ ಡೀಹೈಡ್ರೋಜಿನೇಸ್ ಇರುವುದರಿಂದ, ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಅದನ್ನು ಹಿಡಿದು ತೋರಿಸುವ ಪಟ್ಟಿಗಳು ಮಂಗಳೂರಿನಂಥ ಊರುಗಳಿಗೆ ಬಹಳ ಉಪಕಾರ ಮಾಡಬಲ್ಲವು. ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು 2020ರ ಮಾರ್ಚ್ 9ರಂದು ಪುಣೆಯಲ್ಲಿಯೇ ಪತ್ತೆಯಾದರಷ್ಟೆ. ಆಮೇಲಿನ ತಿಂಗಳುಗಳಲ್ಲಿ ಈ ಕಿಣ್ವದ ಹ್ರಸ್ವನಾಮವಾದ ಎಲ್.ಡಿ.ಎಚ್. ಎಂಬ ಮೂರಕ್ಷರ ಮನೆಮನೆಯ ವರದಿಗಳಲ್ಲಿ ಕಾಣಿಸಿಕೊಂಡು ಜನರನ್ನು ಕಂಗೆಡಿಸಿತು. ಆ ಕಾಲದಲ್ಲಿ ಜ್ವರವೆಂದು ಮಾಮ ಮಾಡಿಸಿದ ಪರೀಕ್ಷೆಯಲ್ಲಿಯೂ ಆ ಅಂಕೆ ಮಿತಿಮೀರಿ ಬಂದು, ಮನೆಯವರು ರಾತ್ರಿಯೆಲ್ಲ ನಿದ್ದೆಗೆಟ್ಟರು. ಕೆಂಪು ರಕ್ತಕಣಗಳಲ್ಲಿ ಈ ಕಿಣ್ವ ತುಂಬಿಕೊಂಡಿರುತ್ತದೆ. ರಕ್ತ ತೆಗೆಯುವಾಗ ಇಲ್ಲವೆ ಸಾಗಿಸುವಾಗ ಕಣಗಳು ಒಡೆದರೂ ಅಂಕೆ ಸುಳ್ಳಾಗಿ ಏರುವುದು. ಇದನ್ನು ಫೋನಿನಲ್ಲಿ ತಿಳಿಸಿ, ವೈದ್ಯರನ್ನು ಕೇಳಿ ಮತ್ತೊಮ್ಮೆ ರಕ್ತ ಕೊಡಿಸಿದಾಗ ಅಂಕೆ ಮಿತಿಯೊಳಗೆ ಬಂದಿತು. ಒಂಟಿ ಅಂಕೆಯನ್ನು ನೋಡಿ ಯಾರೂ ಧೃತಿಗೆಡಬಾರದು.

ಕೊನೆಯದಾಗಿ ಮಾಮನ ಎಣ್ಣೆಯ ವಿಚಾರ. ಮಾಲೀಸಿನಿಂದ ಸುಖವುಂಟು, ಅದನ್ನು ಅಲ್ಲಗಳೆಯಲಾರೆ. ಆದರೆ ತಿಕ್ಕಿ ಹೊರಹಾಕಬೇಕಾದ ಕೆಟ್ಟ ರಸ ಅಲ್ಲಿಲ್ಲ. ಏರುವಾಗ ಹೆಚ್ಚಿದ ಲ್ಯಾಕ್ಟೇಟ್, ಶ್ರಮ ನಿಂತ ಸುಮಾರು ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮರುದಿನ ಬೆಳಗ್ಗೆ ಮೆಟ್ಟಿಲಿಳಿಯಲು ಬಿಡದ ನೋವಿಗೆ ಅದು ಕಾರಣವಲ್ಲ. ಆ ನೋವು ಬಹುಮಟ್ಟಿಗೆ ಬರುವುದು ಏರಿದುದರಿಂದಲ್ಲ, ಇಳಿದುದರಿಂದ: ಇಳಿಯುವಾಗ ತೊಡೆಯ ಸ್ನಾಯುಗಳು ಮೈಭಾರವನ್ನು ತಡೆಹಿಡಿಯುತ್ತ ಬಿಗಿದುಕೊಂಡೇ ಹಿಗ್ಗಬೇಕಾಗಿ, ಅವುಗಳ ಎಳೆಗಳಲ್ಲಿ ಸೂಕ್ಷ್ಮವಾದ ಹರಕುಗಳಾಗುತ್ತವೆ. ಕುಸ್ತಿಯ ಪಟ್ಟುಗಳು ಮುಗಿದೊಡನೆ ಪೈಲವಾನನು ಕೂಡದೆ ಅಖಾಡದ ಸುತ್ತ ಮೆಲ್ಲಗೆ ತಿರುಗಾಡುವ ಪದ್ಧತಿಯಿದೆಯಲ್ಲ, ಅದು ಬಹಳ ವಿವೇಕದ್ದು. ಮೆಲ್ಲಗೆ ನಡೆಯುವ ಸ್ನಾಯುಗಳು ಲ್ಯಾಕ್ಟೇಟನ್ನು ತಾವೇ ಉರಿಸಿಕೊಳ್ಳುವುದರಿಂದ ರಕ್ತ ಬೇಗ ತಿಳಿಯಾಗುತ್ತದೆ.

ಆದುದರಿಂದ ತಾವು ಸಿಂಹಗಡಕ್ಕೆ ಹೋದಾಗ, ಪುಣೆ ದರವಾಜೆಯನ್ನು ದಾಟಿದೊಡನೆ ಕಲ್ಲಿನ ಮೇಲೆ ಕುಳಿತುಬಿಡಬೇಡಿರಿ. ದೇವಟಾಕೆಯ ಕೊಳದವರೆಗೆ ಮೆಲ್ಲಗೆ ನಡೆದು ಬಂದು, ಅನಂತರ ಮೊಸರಿನ ಕುಡಿಕೆಗೆ ಕೈಚಾಚಿರಿ. ಇಳಿಯುವಾಗ ನಿಧಾನವಾಗಿ ಇಳಿಯಿರಿ.